ಎಂಟನೇ ದಿನ

ಮಗಳಿಗೆ ತಿಂಗಳು ತುಂಬಿದಾಗ ಹಳಿಯಾಳದಿಂದ ಅಜ್ಜಿ ಒಂದು ಪುಟ್ಟ ಕೌದಿ ಕಳಿಸಿದ್ದಳು. ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹಳೇ ಸೀರೆ, ಅಂಗಿಯ ತುಂಡು ಸೇರಿಸಿ ಕೈಯಲ್ಲೇ ಹೊಲೀತಾರಲ್ಲ, ಅಂಥದ್ದು. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಹೂವು. ಹೂವಿಲ್ಲದ ಕೌದಿ ಬತ್ತಲೆ ಅನ್ನೋದು ಅವರ ಮಾತು.

"ಹಿಂದಿನ ಕಾಲಾನೇ ಚಂದ ಅಜ್ಜಿ" ಅಂತ ಫೋನಿನಲ್ಲಿ ಹೇಳಿದೆ.

"ಏನ್ ಚಂದೋ ತಮ್ಮಾ? ಎಂಟು ಹಡದೆ, ಐದು ಉಳದ್ವು" ಅಂದಳು.

ಅವಳ ಎರಡನೇ ಕೂಸು ಹುಟ್ಟಿದಾಗ ಚೆನ್ನಾಗೇ ಇತ್ತಂತೆ. ಆಮೇಲೆ ಹಾಲು ಚೀಪೋದು ಬಿಟ್ಟಿತು, ದವಡೆ ಬಿಗಿಯಿತು, ಮೈ ಬಿಲ್ಲಿನಂತೆ ಸೆಟೆಯಿತು. ಎಂಟನೇ ದಿನ ಹೋಯಿತು. ಊರವರು ಗ್ರಹಚೇಷ್ಟೆ ಅಂದರು. ಲಕ್ಷಣ ಕೇಳಿದರೆ ಅದು ಧನುರ್ವಾಯು. ಆಗ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದು ಬೂದಿ ಹಚ್ಚುತ್ತಿದ್ದರು. ಮಣ್ಣು, ಸಗಣಿಯಲ್ಲಿರುವ ರೋಗಾಣು ಒಳಹೋಗಲು ಅಷ್ಟು ಸಾಕು.

ಬಸುರಿಗೆ ಟಿಟಿ ಚುಚ್ಚುಮದ್ದು ಕೊಟ್ಟರೆ ಆ ರಕ್ಷಣೆ ಹೊಟ್ಟೆಯ ಕೂಸಿಗೂ ದಾಟುತ್ತದೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಜೊತೆಗೆ ಆಶಾ ಕಾರ್ಯಕರ್ತೆಯರು. ಜೋಯಿಡಾದ ಕಾಡಿನ ಮನೆಗಳಿಗೂ ಅವರು ನಡೆದು ಹೋದರು. 2015ರಲ್ಲಿ ಭಾರತ ಈ ರೋಗವನ್ನು ನಿವಾರಿಸಿದೆ ಎಂದು ಘೋಷಣೆಯಾಯಿತು. ಅಂದರೆ ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ.

ಇನ್ನೊಂದು ವಿಚಿತ್ರ ನೋಡಿ. ಆಕಳು ಕರು ಹಾಕಿದರೆ ಗಿಣ್ಣಕ್ಕೆ ಮನೆಯವರೆಲ್ಲ ಕಾಯ್ತಿದ್ದೆವು. ಆದರೆ ತಾಯಿಯ ಮೊದಲ ಹಳದಿ ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನುತುಪ್ಪ ಸವರುತ್ತಿದ್ದರು. ನನಗೂ ಹಾಗೇ ಮಾಡಿದ್ದರಂತೆ. ನನ್ನ ಮಗಳಿಗೆ ನರ್ಸು ಒಂದು ತಾಸಿನೊಳಗೆ ಅದೇ ಹಾಲು ಕುಡಿಸಿದಳು. ಜೇನು ಒಂದು ವರ್ಷ ಮುಟ್ಟಿಸಬೇಡಿ ಅಂತ ಗದರಿದಳು.

ಹಾಗಂತ ಹಳೇದೆಲ್ಲ ಬಿಡುವಂಥದ್ದಲ್ಲ. ಎಣ್ಣೆ ತಿಕ್ಕುವ ಕೈ, ಬಾಣಂತಿಗೆ ನಿದ್ದೆ ಕೊಡುವ ಮನೆ ತುಂಬಾ ಜನ, ಒಗೆದಷ್ಟೂ ಮೆತ್ತಗಾಗುವ ಕೌದಿ. ಇವು ಯಾವ ಆ್ಯಪಿನಲ್ಲೂ ಸಿಗಲಿಲ್ಲ. ಡೈಪರ್ ಮಾತ್ರ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬಂತು.

ಫೋನ್ ಇಟ್ಟ ಮೇಲೆ ನೆನಪಾಯಿತು. ಮಗಳು ಹುಟ್ಟಿದ ಎಂಟನೇ ದಿನ ಬೆಳಿಗ್ಗೆ ಆರಕ್ಕೇ ಅಜ್ಜಿ ಫೋನ್ ಮಾಡಿದ್ದಳು. "ಕೂಸು ಹಾಲು ಚೀಪ್ತದೇನು?" ಅಂತ ಒಂದೇ ಪ್ರಶ್ನೆ. ನಿದ್ದೆಗಣ್ಣಲ್ಲಿ "ಹೂಂ" ಅಂದಿದ್ದೆ. ಯಾಕೆ ಕೇಳಿದಳು ಅಂತ ಆಗ ಗೊತ್ತಾಗಿರಲಿಲ್ಲ.