‘ಒಲ್ಲೆ’ ಬೇರೆ, ‘ಬ್ಯಾಡ’ ಬೇರೆ

ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಯೊಂದರಲ್ಲಿ ಅತಿಥಿಯ ಮುಂದೆ ಎರಡನೆಯ ಸಲ ಚಹಾ ಬಂತೆನ್ನಿ. ‘ಬ್ಯಾಡ್ರಿ’ ಎನ್ನಬಹುದು, ‘ಒಲ್ಲೆರಿ’ ಎಂದೂ ಎನ್ನಬಹುದು. ವ್ಯತ್ಯಾಸವೇನೆಂದು ಕೇಳಿದರೆ ಅಲ್ಲೇ ಹುಟ್ಟಿ ಬೆಳೆದವರೂ ತಡವರಿಸುತ್ತಾರೆ.

‘ಬೇಡ’ ವಸ್ತುವನ್ನು ಕುರಿತ ಮಾತು. ನನಗೆ ಬೇಡ, ನಿನಗೆ ಬೇಡ, ಅವರಿಗೆ ಬೇಡ, ಪದ ಬದಲಾಗದು. ‘ಒಲ್ಲೆ’ ಹಾಗಲ್ಲ. ‘ಒಲ್’ ಎಂದರೆ ಒಪ್ಪು, ಇಷ್ಟಪಡು. ನಾನು ಒಲ್ಲೆ, ಅವನು ಒಲ್ಲ, ಅವರು ಒಲ್ಲರು: ನಿರಾಕರಿಸುವವನು ಪದದೊಳಗೇ ಕುಳಿತಿದ್ದಾನೆ. ‘ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು’ ಎಂಬ ಗಾದೆಯಲ್ಲಿ ‘ಬೇಡವಾದ ಗಂಡ’ ಎಂದು ಹಾಕಿ ನೋಡಿ. ಗಂಡನ ಮುನಿಸು ಹೋಗಿ ಹೆಂಡತಿಯ ಮುನಿಸಾಗುತ್ತದೆ!

ಇದು ಹಳಗನ್ನಡದಿಂದ ಬಂದ ನಿಷೇಧರೂಪ. ಆಗ ‘ಇಲ್ಲ’ ಅಂಟಿಸಬೇಕಾಗಿರಲಿಲ್ಲ. ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತಿದರೆ ಸಾಕಿತ್ತು. ‘ಬಾರೆಂ’ ಎಂದರೆ ಬರಲಿಲ್ಲ, ಬರುವುದಿಲ್ಲ ಎರಡೂ ಆಗಬಹುದಿತ್ತು. ಕಾಲವನ್ನು ಸಂದರ್ಭವೇ ಹೇಳಬೇಕು. 13ನೆಯ ಶತಮಾನದ ಕೇಶಿರಾಜ ವ್ಯಾಕರಣ ಬರೆದದ್ದು ಈ ಕನ್ನಡಕ್ಕೆ. ಆ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ, 1894ರಲ್ಲಿ ನಿಘಂಟು ಹೊರತಂದ ಕಿಟ್ಟೆಲ್ ಧಾರವಾಡ ಸೀಮೆಯಲ್ಲೂ ಇದ್ದು ಕನ್ನಡ ಕಲಿತವರು. ಪುಸ್ತಕದ ಹಳೆಯ ರೂಪಗಳು ಅಲ್ಲಿ ಜನರ ಬಾಯಲ್ಲೇ ಇದ್ದವು.

ಮುಂದೆ ‘ಇಲ್ಲ’ ಬಂದು ಬರಲಿಲ್ಲ, ಬಂದಿಲ್ಲ, ಬರುವುದಿಲ್ಲ ಎಂದು ಕಾಲಗಳು ಬೇರೆಯಾದವು. ಲಾಭವೇ ಸರಿ. ಆದರೆ ಮಿರಗದ ಮಳೆ ಕೈಕೊಟ್ಟಾಗ ಈ ಭಾಗದ ರೈತ ಆಡುವ ಮಾತು ಇವು ಮೂರರಲ್ಲೂ ಇಲ್ಲ. ‘ಮಳಿ ಬಂದಿಲ್ಲ’ ಎಂದರೆ ವರದಿ, ‘ಬರೂದಿಲ್ಲ’ ಎಂದರೆ ಭವಿಷ್ಯ. ಅವನು ಅನ್ನುವುದು ‘ಮಳಿ ಬರವಲ್ದು’, ಅಂದರೆ ಬರಲು ಒಲ್ಲದು. ಕರೆದರೂ ಒಪ್ಪುತ್ತಿಲ್ಲ, ಅವನಿನ್ನೂ ಮುಗಿಲು ನೋಡುತ್ತಲೇ ಇದ್ದಾನೆ.

ಇಂಗ್ಲಿಷಿನಲ್ಲೂ ಇಂಥದೊಂದಿದೆ. ‘ವಿಲ್’ ಎಂದರೆ ಮೂಲದಲ್ಲಿ ಬಯಸು. ಬಾಗಿಲು ಬಿಗಿಯಾದಾಗ ‘ದ ಡೋರ್ ವೋಂಟ್ ಓಪನ್’ ಎನ್ನುತ್ತಾರೆ. ನಮ್ಮ ‘ಬಾಗಲಾ ತೆಗೀವಲ್ದು’ ಅದೇ. ‘ಡಸ್ ನಾಟ್ ಓಪನ್’ಗಿಂತ ಅದು ಹೇಗೆ ಬೇರೆ ಎಂದರೆ ಇಂಗ್ಲಿಷರಲ್ಲೂ ಅನೇಕರು ತಲೆ ಕೆರೆದುಕೊಂಡಾರು.

ಶಾಲೆಯ ಪ್ರಬಂಧದಲ್ಲಿ ಹುಡುಗನೊಬ್ಬ ‘ಬರವಲ್ದು’ ಎಂದು ಬರೆದರೆ ಅದು ‘ಬರುತ್ತಿಲ್ಲ’ ಎಂದು ತಿದ್ದಿಸಿಕೊಳ್ಳುವುದೇ ಹೆಚ್ಚು. ಮಳೆಯ ಹಟ ಅಲ್ಲಿಗೆ ಹೋಯಿತು. ಈ ಕಡೆಯ ಕತೆಗಾರರು ಪಾತ್ರಗಳ ಮಾತಿನಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ. ನಿರೂಪಣೆಗೂ ಧಾರಾಳವಾಗಿ ತರಬಹುದು.