ಧ್ವನಿಪೆಟ್ಟಿಗೆಯ ಸ್ನಾಯುಗಳು

ಕ್ರಿಸ್ತಶಕ ಎರಡನೆಯ ಶತಮಾನದ ರೋಮ್ ನಗರದಲ್ಲಿ, ಗಣ್ಯರ ಸಮಕ್ಷಮದಲ್ಲಿ, ಕಿರುಚುತ್ತಿದ್ದ ಹಂದಿಯ ಕೊರಳಿನ ಸಣ್ಣ ನರಗಳನ್ನು ಕತ್ತರಿಸಿ ಅದರ ದನಿಯನ್ನು ತಟಕ್ಕನೆ ಅಡಗಿಸಿದ ವೈದ್ಯ ಗೇಲನ್, ಧ್ವನಿಯ ಮೇಲಣ ಆಳ್ವಿಕೆ ಹೃದಯದ್ದಲ್ಲ, ಮಿದುಳಿನದೆಂದು ಸಾಧಿಸಿ ತೋರಿದನು. ಪ್ರಯೋಗ ಕ್ರೂರವಾದುದೇ ಸರಿ, ಯುಕ್ತಿ ಮಾತ್ರ ನಿರ್ದುಷ್ಟವಾದುದು. ಆಮೇಲೆ ಬಹುಕಾಲ ಹೆಚ್ಚಾಗಿ ಮೃತದೇಹಗಳಲ್ಲಿಯೇ ಪರೀಕ್ಷಿತವಾಗುತ್ತಿದ್ದ ಧ್ವನಿಪೆಟ್ಟಿಗೆಯನ್ನು, 1854ರಲ್ಲಿ, ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ಗಂಟಲಿಗಿಳಿಸಿ, ಮತ್ತೊಂದು ಕನ್ನಡಿಯಿಂದ ಸೂರ್ಯರಶ್ಮಿಯನ್ನು ಅದರ ಮೇಲೆ ಬೀಳಿಸಿ, ತನ್ನ ಕೊರಳಲ್ಲಿಯೇ ಸಜೀವವಾಗಿ ಕಂಡವನು ವೈದ್ಯನಲ್ಲ, ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತಾಚಾರ್ಯ.

ಕನ್ನಡಿ ತೋರಿದ್ದು ಚಲನೆಯನ್ನು, ಅದನ್ನು ನಡೆಸುವ ಸ್ನಾಯುಗಳ ಸ್ವಭಾವವನ್ನಲ್ಲ. ಕೆಂಪು ಸ್ನಾಯು ಮಂದಗತಿಯದು, ಬಿಳಿಯದು ಶೀಘ್ರಗತಿಯದು ಎಂದು 1873ರಲ್ಲಿ ಫ್ರಾನ್ಸಿನ ಅಂಗಾಂಶವಿಜ್ಞಾನಿ ರಾನ್ವಿಯೇ ತೋರಿಸಿದ ಬಳಿಕ, ಆ ಭೇದದ ಮೂಲ ಮಯೋಸಿನ್ ಎಂಬ ಪ್ರೋಟೀನಿನ ಪ್ರಭೇದಗಳಲ್ಲಿರುವುದು ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಗಲು, ಧ್ವನಿಪೆಟ್ಟಿಗೆಯೂ ಸೂಕ್ಷ್ಮದರ್ಶಕದ ಕೆಳಗೆ ಬಂದಿತು. ಧ್ವನಿತಂತುವಿನ ಸ್ನಾಯುವಿನಲ್ಲಿ ಶೀಘ್ರ ಮಯೋಸಿನ್ನೇ ಅಧಿಕ. ಪ್ರತಿ ಉಸಿರಿಗೂ ಧ್ವನಿತಂತುಗಳ ನಡುವಣ ಕಂಡಿಯನ್ನು ತೆರೆದಿಡಬೇಕಾದ ಹಿಂಬದಿಯ ಸ್ನಾಯುವಿನಲ್ಲಿ ಮಂದ ಮಯೋಸಿನ್ನಿನದೇ ಮೇಲುಗೈ. ಧ್ವನಿತಂತುವಿನ ಆ ಶೀಘ್ರತೆ ಗಾನಕ್ಕಾಗಿಯೇ ಹುಟ್ಟಿತೆಂದು ಗಾಯಕರು ಹಿಗ್ಗಬೇಕಿಲ್ಲ. ನುಂಗುವಾಗ ಅನ್ನದ ಅಗುಳು ಶ್ವಾಸನಾಳಕ್ಕೆ ಬೀಳದಂತೆ ತಟ್ಟನೆ ಬಾಗಿಲಿಕ್ಕುವುದೇ ಅದರ ಆದ್ಯ ಕರ್ತವ್ಯ.