ಓಲೆಗರಿಯಿಂದ ಹಗ್ಗದ ಮರಕ್ಕೆ

ಹಗ್ಗದ ವಿಷಯವನ್ನು ಕಾರವಾರದ ಬೈತಖೋಲದವರಿಗಾಗಲಿ ಅಂಕೋಲೆಯ ಬೇಲೆಕೇರಿಯವರಿಗಾಗಲಿ ಹೇಳಿಕೊಡಬೇಕಾಗಿಲ್ಲ. ನಡುವೆ ಸವೆದ ಹಗ್ಗವನ್ನು ಮೀನುಗಾರನು ಎಸೆದುಬಿಡುವುದಿಲ್ಲ. ಸವೆದಷ್ಟನ್ನು ಕತ್ತರಿಸಿ, ಹೊಸ ತುಂಡನ್ನು ಎಳೆಗೆ ಎಳೆ ಹೆಣೆದು ಸೇರಿಸುತ್ತಾನೆ. ಗಣಕಯಂತ್ರದಲ್ಲಿ ದೊಡ್ಡ ಬರಹವನ್ನು ಇರಿಸುವ ಒಂದು ಕ್ರಮಕ್ಕೂ ವಿದ್ವಾಂಸರು 'ರೋಪ್', ಎಂದರೆ ಹಗ್ಗ, ಎಂದೇ ಹೆಸರಿಟ್ಟಿದ್ದಾರೆ. ವಾಚಕರು ಬೆರಗಾಗಬೇಕಾಗಿಲ್ಲ, ಇದರ ಮೂಲ ಪ್ರಶ್ನೆ ನಮ್ಮ ಓಲೆಗರಿಯಷ್ಟು ಹಳೆಯದು.

ನಮ್ಮ ಉತ್ತರ ಕನ್ನಡದ ಹಾಡುವಳ್ಳಿಯ ಮಠಕ್ಕೆ ಸೇರಿದ ಭಟ್ಟಾಕಳಂಕನು 1604ರಲ್ಲಿ 592 ಸೂತ್ರಗಳ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿದನು. ಸೂತ್ರವೆಂದರೆ ದಾರ. ಗಣಕಶಾಸ್ತ್ರದಲ್ಲಿಯೂ ಅಕ್ಷರಗಳ ಸಾಲಿಗೆ 'ಸ್ಟ್ರಿಂಗ್', ಅಂದರೆ ದಾರ, ಎನ್ನುತ್ತಾರೆ! ಆ ಕಾಲದ ಲಿಪಿಕಾರನು ಕಂಟದಿಂದ ಬರೆದ ಗರಿಗಳನ್ನು ದಾರದಲ್ಲಿ ಪೋಣಿಸುತ್ತಿದ್ದನು. ಬಿಟ್ಟುಹೋದ ಪದ್ಯಕ್ಕೆ ಹೊಸ ಗರಿಯೊಂದನ್ನು ನಡುವೆ ಏರಿಸಬಹುದು. ಆದರೆ 40ನೆಯ ಗರಿಯ ಬಳಿಕ ಒಂದನ್ನು ಸೇರಿಸಿದರೆ ಮುಂದಿನ ಅಂಕೆಗಳೆಲ್ಲ ತಪ್ಪುತ್ತವೆ.

ಗಣಕದ ಸಾಮಾನ್ಯ ದಾರದಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಅಕ್ಷರಗಳು ಊಟದ ಪಂಕ್ತಿಯಂತೆ ಒತ್ತಾಗಿ ಕುಳಿತಿರುತ್ತವೆ. ನಡುವೆ ಒಬ್ಬನನ್ನು ಕೂರಿಸಬೇಕಾದರೆ ಆಚೆಯವರೆಲ್ಲ ಎಲೆ ಎತ್ತಿಕೊಂಡು ಒಂದೊಂದು ಮಣೆ ಸರಿಯಬೇಕು.

1995ರಲ್ಲಿ ಹಾನ್ಸ್ ಬೋಮ್, ರಸ್ ಅಟ್ಕಿನ್ಸನ್, ಮೈಕೆಲ್ ಪ್ಲಾಸ್ ಎಂಬ ಮೂವರು ಅಮೆರಿಕದ ಝೆರಾಕ್ಸ್ ಸಂಶೋಧನಾಲಯದ ಅನುಭವವನ್ನು ಆಧರಿಸಿ ಹಗ್ಗದ ಕ್ರಮವನ್ನು ಪ್ರಬಂಧರೂಪದಲ್ಲಿ ವಿವರಿಸಿದರು. ಬರಹವನ್ನು ತುಂಡುಗಳಾಗಿಸಿ ಮರವೊಂದರ ಎಲೆಗಳಲ್ಲಿ ಇಡುವುದು. ಪ್ರತಿ ಕವಲಿನಲ್ಲಿ, ತನ್ನ ಎಡಕ್ಕೆ ಎಷ್ಟು ಅಕ್ಷರಗಳಿವೆ ಎಂಬ ಲೆಕ್ಕ ಬರೆದಿಡುವುದು. 640ನೆಯ ಅಕ್ಷರ ಬೇಕೆನ್ನಿ. ಬುಡದ ಕವಲು 'ಎಡಕ್ಕೆ 500' ಎಂದರೆ ಬಲಕ್ಕೆ ತಿರುಗಿ 140ನೆಯದನ್ನು ಹುಡುಕುವುದು. ಹತ್ತು ಲಕ್ಷ ಅಕ್ಷರಗಳ ಗ್ರಂಥವನ್ನು ಸಾವಿರ ಎಲೆಗಳಿಗೆ ಹಂಚಿ ಮರವನ್ನು ಸಮತೂಕದಲ್ಲಿಟ್ಟರೆ, ಸುಮಾರು ಹತ್ತು ಕವಲು ದಾಟುವಷ್ಟರಲ್ಲಿ ಬೇಕಾದ ಎಲೆ ಸಿಕ್ಕುತ್ತದೆ. ಸೇರಿಸುವಾಗಲೂ ಒಂದು ಎಲೆಯನ್ನು ಸೀಳಿ, ಅದರಿಂದ ಬುಡದವರೆಗಿನ ಕವಲುಗಳ ಲೆಕ್ಕವನ್ನಷ್ಟೇ ಹೊಸದಾಗಿ ಬರೆದರಾಯಿತು. ಹಳೆಯ ಕವಲುಗಳನ್ನು ಅಳಿಸದೆ ಉಳಿಸಿಕೊಂಡರೆ ಹಳೆಯ ಪಾಠವೂ ಹೊಸ ಪಾಠವೂ ಉಳಿದ ಎಲೆಗಳನ್ನೆಲ್ಲ ಹಂಚಿಕೊಂಡು ಜೊತೆಯಲ್ಲಿಯೇ ಇರುತ್ತವೆ. ಪಾಠಾಂತರಗಳ ಗೊಂದಲದಲ್ಲಿ ಬೆಳೆದ ನಮ್ಮಂಥ ಪಂಡಿತರಿಗೆ ಇದಕ್ಕಿಂತ ಹಿತವಾದ ಸುದ್ದಿ ಬೇರೆ ಯಾವುದು?

ಹಾಗೆಂದು ಎಲ್ಲಕ್ಕೂ ಮರ ಬೇಡ. ಅಂಕೋಲೆಯ ದಿನಕರ ದೇಸಾಯಿಯವರ (1909–1982) ನಾಲ್ಕು ಸಾಲಿನ ಚುಟುಕಕ್ಕೆ ಸಾಮಾನ್ಯ ದಾರವೇ ಸಾಕು. ಅಲ್ಲಿ ಕವಲಿನ ಲೆಕ್ಕವೇ ಹೊರೆಯಾದೀತು.

ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. 1991ರ ಯೂನಿಕೋಡ್ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಆ ಲೆಕ್ಕದಲ್ಲಿ 'ಕಾರವಾರ' ನಮಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಆರು ಸಂಕೇತ. 'ಅಂಕೋಲಾ' ನಮಗೆ ಮೂರು, ಯಂತ್ರಕ್ಕೆ ಅಲ್ಲಿಯೂ ಆರು. ಸಂಕೇತಗಳನ್ನಷ್ಟೇ ಎಣಿಸಿ ಎಲೆ ಸೀಳಿದರೆ 'ಕ' ಒಂದು ಎಲೆಯಲ್ಲಿ, ಅದರ ದೀರ್ಘ ಮುಂದಿನ ಎಲೆಯಲ್ಲಿ ಬಿದ್ದೀತು. ಎಲೆಗಳನ್ನು ಬಿಡಿಯಾಗಿ ಓದುವ ಯಂತ್ರಕ್ಕೆ ಆ ದೀರ್ಘ ಯಾರದೆಂದು ತಿಳಿಯದು. ಒತ್ತಕ್ಷರದ ಗತಿಯೂ ಅದೇ. ಆದುದರಿಂದ ಕನ್ನಡ ಬಲ್ಲವನು ಬರೆದ ಕ್ರಮವಿಧಿಯು ಸೀಳುವ ಮುನ್ನ ಒಂದೆರಡು ಸಂಕೇತ ಹಿಂದೆ ಸರಿದು, ಅಕ್ಷರ ಮುಗಿದ ಎಡೆಯನ್ನು ನೋಡಿಕೊಂಡೇ ಕತ್ತರಿ ಇಡುತ್ತದೆ.